ತೆರಿಗೆ, ಭತ್ಯೆ ಬದಲಾದರೆ ಯಾರಿಗೆ ಎಷ್ಟು? ಮೈಕ್ರೋಸಿಮ್ಯುಲೇಶನ್ ಮಾಡುವ ಬಗೆ

ಮಕ್ಕಳ ಭತ್ಯೆ (ಮಕ್ಕಳಿರುವ ಮನೆಗೆ ಸರ್ಕಾರ ಕೊಡುವ ನಗದು ನೆರವು) ಹೆಚ್ಚಿಸುತ್ತೇವೆ, ಆದಾಯ ತೆರಿಗೆಯ ಸ್ಲ್ಯಾಬ್ ಬದಲಿಸುತ್ತೇವೆ ಅಂತ ಒಂದು ಪ್ರಸ್ತಾವ ಬಂತು ಅಂದುಕೊಳ್ಳಿ. ಎಲ್ಲರೂ ಮೊದಲು ಕೇಳುವುದು ಖಜಾನೆಗೆ ಎಷ್ಟು ಹೊರೆ ಅಂತ. ಕೇಳಬೇಕಾದದ್ದೇ, ಆದರೆ ಅಷ್ಟಕ್ಕೇ ನಿಂತರೆ ಸಾಲದು. ಆ ದುಡ್ಡು ಯಾರ ಕೈ ಸೇರುತ್ತದೆ, ಯಾರ ಕೈಯಿಂದ ಹೋಗುತ್ತದೆ, ಬಡತನ ಎಷ್ಟು ಇಳಿಯುತ್ತದೆ, ದುಡಿಯುವುದಕ್ಕಿಂತ ಸುಮ್ನೆ ಮನೆಯಲ್ಲಿ ಕೂರುವುದೇ ಲಾಭ ಅನ್ನಿಸುವ ಸ್ಥಿತಿ ಯಾರಿಗಾದರೂ ಬರುತ್ತದೆಯೇ? ಇದನ್ನೆಲ್ಲ ಜಾರಿಗೆ ತರುವ ಮೊದಲೇ ಲೆಕ್ಕ ಹಾಕಿ ನೋಡುವ ಕ್ರಮಕ್ಕೆ ಮೈಕ್ರೋಸಿಮ್ಯುಲೇಶನ್ ಅಂತ ಹೆಸರು.

ಹೆಸರು ದೊಡ್ಡದು, ಒಳಗಿನ ವಿಚಾರ ಸರಳ. ಸಮೀಕ್ಷೆಯಲ್ಲಿ ಸಿಕ್ಕ ಸಾವಿರಾರು ಕುಟುಂಬಗಳ ವಿವರ ತೆಗೆದುಕೊಳ್ಳುತ್ತೀರಿ. ಒಂದೊಂದು ಕುಟುಂಬಕ್ಕೂ ಈಗಿನ ನಿಯಮದ ಪ್ರಕಾರ ತೆರಿಗೆ ಎಷ್ಟು, ಭತ್ಯೆ ಎಷ್ಟು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೀರಿ. ಆಮೇಲೆ ಅದೇ ಕುಟುಂಬಗಳಿಗೆ ಹೊಸ ನಿಯಮ ಹಾಕಿ ಇನ್ನೊಂದು ಸಲ ಲೆಕ್ಕ ಮಾಡುತ್ತೀರಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಉತ್ತರ. ಈ ಯೋಚನೆಯನ್ನು 1957ರಲ್ಲಿ ಮುಂದಿಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್. ಆಗ ಕಂಪ್ಯೂಟರುಗಳಿಗೆ ಅಷ್ಟು ಶಕ್ತಿ ಇರಲಿಲ್ಲ, ಈಗ ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಒಂದೊಂದು ಕುಟುಂಬ ಯಾಕೆ, ಸರಾಸರಿ ಕುಟುಂಬವನ್ನು ಇಟ್ಟುಕೊಂಡರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. 10,000ದವರೆಗೆ ತೆರಿಗೆ ಇಲ್ಲ, ಅದರ ಮೇಲಿನ ಮೊತ್ತಕ್ಕೆ 20% ಅಂತ ನಿಯಮ ಇದೆ ಅನ್ನಿ. ಒಂದು ಮನೆಯ ಆದಾಯ ಸೊನ್ನೆ, ಇನ್ನೊಂದರದ್ದು 20,000. ಸರಾಸರಿ 10,000, ಅಂದರೆ ಸರಾಸರಿಯ ಲೆಕ್ಕದಲ್ಲಿ ತೆರಿಗೆಯೇ ಇಲ್ಲ. ನಿಜಕ್ಕೆ ಎರಡನೇ ಮನೆ 2,000 ಕಟ್ಟುತ್ತಿದೆ. ತೆರಿಗೆ ಮತ್ತು ಭತ್ಯೆಯ ನಿಯಮಗಳ ತುಂಬ ಇಂಥ ಮಿತಿಗಳೇ ಇರುವುದರಿಂದ ಸರಾಸರಿ ಹಿಡಿದು ಹೊರಟವರು ದಾರಿ ತಪ್ಪುತ್ತಾರೆ.

ಮೊದಲು ಪ್ರಶ್ನೆ ಬರೆದಿಟ್ಟುಕೊಳ್ಳಿ

ಡೇಟಾ ಮುಟ್ಟುವ ಮೊದಲು ಒಂದು ಸಾಲಿನಲ್ಲಿ ಪ್ರಶ್ನೆ ಬರೆಯಿರಿ. ಯಾವ ನಿಯಮ ಬದಲಾಗುತ್ತದೆ, ಯಾವ ವರ್ಷಕ್ಕೆ, ಯಾವುದಕ್ಕೆ ಹೋಲಿಸಿ. ಈ ಮೂರನೆಯದನ್ನು ಜನ ಮರೆಯುತ್ತಾರೆ. 'ಈಗಿನ ನಿಯಮಕ್ಕೆ ಹೋಲಿಸಿ' ಅಂದರೂ ಅದು ಪೂರ್ತಿ ಉತ್ತರವಲ್ಲ. ಸಂಬಳ ಏರುತ್ತಾ ಹೋಗಿ ಸ್ಲ್ಯಾಬ್ ಮಾತ್ರ ಇದ್ದಲ್ಲೇ ಇದ್ದರೆ, ಯಾರೂ ಕಾನೂನು ಮುಟ್ಟದೆಯೇ ಜನ ಮೇಲಿನ ದರಕ್ಕೆ ಜಾರುತ್ತಾರೆ. ಬೆಲೆ ಏರಿದರೂ ಪಿಂಚಣಿ ಏರದಿದ್ದರೆ ಅದೂ ಕಡಿತವೇ. ಹಾಗಾಗಿ ಹಳೆಯ ಮೊತ್ತಗಳನ್ನು ಹಾಗೇ ಇಟ್ಟು ಹೋಲಿಸುತ್ತೀರೋ, ಬೆಲೆ ಏರಿಕೆಯಷ್ಟು ಹೆಚ್ಚಿಸಿ ಹೋಲಿಸುತ್ತೀರೋ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಒಂದೇ ಸುಧಾರಣೆ ಒಂದು ಹೋಲಿಕೆಯಲ್ಲಿ ಉದಾರವಾಗಿಯೂ ಇನ್ನೊಂದರಲ್ಲಿ ಜಿಪುಣತನವಾಗಿಯೂ ಕಾಣುವುದು ಇದರಿಂದಲೇ.

ಪ್ರಶ್ನೆ ಸ್ಪಷ್ಟವಾದರೆ ಯಾವ ಬಗೆಯ ಮಾದರಿ (ಈ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಬೇಕು ಅನ್ನುವುದೂ ತಿಳಿಯುತ್ತದೆ. ಜನರ ನಡವಳಿಕೆ ಬದಲಾಗದು ಅಂತ ಹಿಡಿದು, ನಿಯಮ ಬದಲಾದ ಮರುದಿನ ಬೆಳಿಗ್ಗೆ ಯಾರ ಜೇಬಿನಲ್ಲಿ ಎಷ್ಟು ಅಂತ ಹೇಳುವುದು ಸ್ಥಿರ ಮಾದರಿ. ಕೆಲಸದ ಗಂಟೆ ಹೆಚ್ಚು ಕಡಿಮೆ ಮಾಡಿಕೊಳ್ಳುವುದನ್ನೂ ಸೇರಿಸಿದರೆ ನಡವಳಿಕೆಯ ಮಾದರಿ. ಜನ ಹುಟ್ಟಿ, ಓದಿ, ಮದುವೆಯಾಗಿ, ನಿವೃತ್ತರಾಗಿ, ಸಾಯುವುದನ್ನು ಒಂದೊಂದೇ ವರ್ಷ ಮುಂದಕ್ಕೆ ಲೆಕ್ಕ ಹಾಕುತ್ತಾ ಹೋಗುವುದು ಚಲನಶೀಲ ಮಾದರಿ. 30 ವರ್ಷ ಆಚೆಯ ಪಿಂಚಣಿ ಖರ್ಚು ಬೇಕಿದ್ದರೆ ಮೂರನೆಯದು ಬೇಕೇ ಬೇಕು. ಮುಂದಿನ ವರ್ಷದ ಬಜೆಟ್ಟಿಗೆ ಮೊದಲನೆಯದೇ ಸಾಕು. ನನ್ನ ಮಾತು ಕೇಳುವುದಾದರೆ ಯಾವತ್ತೂ ಸ್ಥಿರ ಮಾದರಿಯಿಂದಲೇ ಶುರು ಮಾಡಿ. ಅದು ಗಟ್ಟಿಯಾಗದೆ ಅದರ ಮೇಲೆ ಕಟ್ಟಿದ ಬೇರೆ ಯಾವುದೂ ನಿಲ್ಲುವುದಿಲ್ಲ.

ಇರುವ ಮಾದರಿ ಹುಡುಕಿ

ಎಲ್ಲವನ್ನೂ ಸೊನ್ನೆಯಿಂದ ಬರೆಯುವ ಹುಮ್ಮಸ್ಸು ಬೇಡ. ಯುರೋಪಿಯನ್ ಒಕ್ಕೂಟದ 27 ದೇಶಗಳಿಗೂ ಯೂರೋಮಾಡ್ ಅನ್ನುವ ಮಾದರಿ ಇದೆ. ಅದು ಬೆಳೆದದ್ದು ಬ್ರಿಟನ್ನಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ, 2021ರಿಂದ ನೋಡಿಕೊಳ್ಳುತ್ತಿರುವುದು ಯುರೋಪಿಯನ್ ಕಮಿಷನ್ನಿನ ಜಂಟಿ ಸಂಶೋಧನಾ ಕೇಂದ್ರ. ಸಾಫ್ಟ್‌ವೇರ್ ಉಚಿತ, ಡೇಟಾಗೆ ಮಾತ್ರ ಅನುಮತಿ ಬೇಕು. ಇದೇ ಸಾಫ್ಟ್‌ವೇರಿನ ಮೇಲೆ ವಿಶ್ವಸಂಸ್ಥೆ ವಿಶ್ವವಿದ್ಯಾಲಯದ ವೈಡರ್ ಸಂಸ್ಥೆ ಸೌತ್‌ಮಾಡ್ ಅನ್ನುವ ಯೋಜನೆ ನಡೆಸಿದೆ. ಘಾನಾ, ಟಾಂಜಾನಿಯಾ, ಜಾಂಬಿಯಾ, ಉಗಾಂಡ, ಮೊಜಾಂಬಿಕ್, ವಿಯೆಟ್ನಾಂ, ಈಕ್ವೆಡಾರ್ ಮುಂತಾದ ದೇಶಗಳ ಮಾದರಿ ಅದರಲ್ಲಿವೆ. ಅಮೆರಿಕದ ಆದಾಯ ತೆರಿಗೆಗೆ ಟ್ಯಾಕ್ಸ್‌ಸಿಮ್ ಬಹಳ ಹಳೆಯದು. ಕುಟುಂಬದ ವಿವರ ಕೊಟ್ಟರೆ ಕೇಂದ್ರ ಮತ್ತು ರಾಜ್ಯದ ತೆರಿಗೆ ಲೆಕ್ಕ ಹಾಕಿ ಕೊಡುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿದ ಓಪನ್‌ಫಿಸ್ಕಾ ಮುಕ್ತ ತಂತ್ರಾಂಶ, ಕಾನೂನಿನ ನಿಯಮಗಳನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ಅನುಕೂಲ ಮಾಡಿಕೊಡುತ್ತದೆ. ಅದರ ತಳಹದಿಯಿಂದ ಬೆಳೆದ ಪಾಲಿಸಿಎಂಜಿನ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ನಿಯಮಗಳನ್ನು ಬ್ರೌಸರಿನಲ್ಲೇ ಬದಲಿಸಿ ನೋಡಬಹುದು. ಕೈ ಪಳಗಿಸಿಕೊಳ್ಳಲು ಒಳ್ಳೆಯ ಜಾಗ.

ನಿಮ್ಮ ದೇಶಕ್ಕೆ ಯಾವುದೂ ಇಲ್ಲದಿದ್ದರೆ ಸ್ಪ್ರೆಡ್‌ಶೀಟ್ ತೆರೆದು ಐದಾರು ಕಾಲ್ಪನಿಕ ಕುಟುಂಬಗಳನ್ನು ಮಾಡಿಕೊಳ್ಳಿ. ಒಂಟಿ ವ್ಯಕ್ತಿ, ದಂಪತಿ, ಒಬ್ಬಳೇ ತಾಯಿ ಮತ್ತು ಇಬ್ಬರು ಮಕ್ಕಳು, ವೃದ್ಧ ದಂಪತಿ, ಹೀಗೆ. ದೇಶಕ್ಕೆಲ್ಲ ಎಷ್ಟು ಖರ್ಚು ಅಂತ ಇದು ಹೇಳದು, ಆದರೆ ನಿಯಮ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಬೇರೆ ಯಾವುದಕ್ಕಿಂತ ಬೇಗ ಕಲಿಸುತ್ತದೆ.

ಡೇಟಾ: ಬೆವರು ಹರಿಯುವುದು ಇಲ್ಲೇ

ಸಾಮಾನ್ಯವಾಗಿ ಮನೆಮನೆ ಸಮೀಕ್ಷೆಯ ಡೇಟಾ ಬಳಸುತ್ತಾರೆ. ಯೂರೋಮಾಡ್‌ನಲ್ಲಿ ಹೆಚ್ಚಿನ ದೇಶಗಳಿಗೆ ಆದಾಯ ಮತ್ತು ಜೀವನ ಸ್ಥಿತಿಯ ಯುರೋಪಿಯನ್ ಸಮೀಕ್ಷೆಯೇ ಆಧಾರ. ಸಮೀಕ್ಷೆಯ ಪ್ರತಿ ಕುಟುಂಬಕ್ಕೂ ಒಂದು ತೂಕ ಇರುತ್ತದೆ. ತೂಕ 800 ಅಂದರೆ ಆ ಒಂದು ಮನೆ ದೇಶದ 800 ಮನೆಗಳ ಪರವಾಗಿ ನಿಂತಿದೆ ಅಂತ. ಮೊತ್ತ ಕೂಡುವಾಗ, ಸರಾಸರಿ ತೆಗೆಯುವಾಗ, ಬಡವರನ್ನು ಎಣಿಸುವಾಗ, ಎಲ್ಲದರಲ್ಲೂ ತೂಕ ಸೇರಿಸಬೇಕು.

ಡೇಟಾ ಕೈಗೆ ಬಂದ ಕೂಡಲೇ ಈ ನಾಲ್ಕು ವಿಷಯ ನೋಡಿ. ಆದಾಯ ತೆರಿಗೆಗೆ ಮುಂಚಿನದೋ ನಂತರದ್ದೋ? ನಂತರದ್ದಾದರೆ ಹಿಂದಕ್ಕೆ ಲೆಕ್ಕ ಹಾಕಿ ಪೂರ್ತಿ ಸಂಬಳ ಕಂಡುಹಿಡಿಯಬೇಕು, ಅದೇ ಒಂದು ಬೇರೆ ಕೆಲಸ. ಆದಾಯ ಯಾವ ಅವಧಿಯದು? ಎಷ್ಟೋ ಸಮೀಕ್ಷೆಗಳಲ್ಲಿ ಆದಾಯ ಹೋದ ವರ್ಷದ್ದು, ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಭೇಟಿ ಕೊಟ್ಟ ದಿನದ್ದು. ಈ ನಡುವೆ ಹುಟ್ಟಿದ ಮಗುವಿಗೆ ಭತ್ಯೆ ಕೊಡಬೇಕೋ ಬೇಡವೋ ನೀವೇ ತೀರ್ಮಾನಿಸಿ. ಡೇಟಾದ ವರ್ಷ ಯಾವುದು? 2021ರ ಡೇಟಾ ಹಿಡಿದು 2025ರ ನಿಯಮ ನೋಡುವುದಾದರೆ ಸಂಬಳವನ್ನು ಸಂಬಳದ ಸೂಚ್ಯಂಕದಿಂದ, ಬಾಡಿಗೆಯನ್ನು ಬಾಡಿಗೆ ಸೂಚ್ಯಂಕದಿಂದ, ಹೀಗೆ ಒಂದೊಂದನ್ನೂ ಬೇರೆಬೇರೆ ಏರಿಸಬೇಕು. ಎಲ್ಲಕ್ಕೂ ಒಂದೇ ಗುಣಕ ಹಾಕಿ ಮುಗಿಸುವುದು ಸೋಮಾರಿತನ. ಕೋವಿಡ್ ವರ್ಷಗಳ ಡೇಟಾ ಆದರೆ ಇನ್ನೂ ಹುಷಾರಾಗಿರಿ, ಆಗ ಎಷ್ಟೋ ಜನ ಕೆಲಸವಿಲ್ಲದೆ ಕೂತಿದ್ದರು. ಅವರನ್ನು ಹಾಗೆಯೇ ಇಂದಿಗೆ ತಂದರೆ ಇಂದಿನ ಚಿತ್ರವೇ ಸಿಗುವುದಿಲ್ಲ.

ನಾಲ್ಕನೆಯದು, ಶ್ರೀಮಂತರು ಎಲ್ಲಿ? ತುಂಬಾ ದೊಡ್ಡ ಆದಾಯದವರು ಸಮೀಕ್ಷೆಗೆ ಸಿಗುವುದೇ ಕಡಿಮೆ, ಸಿಕ್ಕವರೂ ಪೂರ್ತಿ ಹೇಳುವುದಿಲ್ಲ. ಮೇಲಿನ ಸ್ಲ್ಯಾಬಿನ ದರ ಏರಿಸಿದರೆ ಎಷ್ಟು ಬರುತ್ತದೆ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಬರೀ ಸಮೀಕ್ಷೆ ಇಟ್ಟುಕೊಂಡು ಉತ್ತರಿಸಬೇಡಿ. ತೆರಿಗೆ ಇಲಾಖೆಯ ಅಂಕಿಅಂಶಕ್ಕೆ ಹೊಂದುವ ಹಾಗೆ ಮೇಲಿನವರ ಆದಾಯವನ್ನೋ ತೂಕವನ್ನೋ ಸರಿಪಡಿಸಿ, ಇಲ್ಲವೇ ತೆರಿಗೆ ದಾಖಲೆಗಳನ್ನೇ ಬಳಸಿ. ಮಕ್ಕಳ ಭತ್ಯೆಯ ಪ್ರಶ್ನೆಗೆ ಈ ತಲೆನೋವು ಅಷ್ಟಾಗಿ ಇಲ್ಲ.

ಮಾರಾಟ ತೆರಿಗೆಯಂಥ ಪರೋಕ್ಷ ತೆರಿಗೆ ನೋಡುವುದಾದರೆ ಖರ್ಚಿನ ವಿವರವೂ ಬೇಕು. ಅದು ಹೆಚ್ಚಾಗಿ ಬೇರೆ ಸಮೀಕ್ಷೆಯಲ್ಲಿ ಇರುತ್ತದೆ, ಎರಡನ್ನೂ ಹೊಂದಿಸಿಕೊಳ್ಳಬೇಕು.

ನಿಯಮ ಬರೆಯುವಾಗ

ಕಾನೂನನ್ನು ಕೋಡ್ ಮಾಡುವಾಗ ಅನುಕ್ರಮ ಮುಖ್ಯ. ಪೂರ್ತಿ ಆದಾಯದಿಂದ ಸಾಮಾಜಿಕ ವಿಮೆಯ ವಂತಿಗೆ ಕಳೆಯಬೇಕೋ, ಆಮೇಲೆ ತೆರಿಗೆಗೆ ಒಳಪಡುವ ಆದಾಯ ಬರುತ್ತದೋ, ಭತ್ಯೆಗೆ ಅರ್ಹತೆ ನೋಡುವುದು ತೆರಿಗೆ ಕಳೆದ ಆದಾಯದ ಮೇಲೋ ಅದಕ್ಕೂ ಮುಂಚಿನದರ ಮೇಲೋ, ಆ ಭತ್ಯೆಗೆ ಮತ್ತೆ ತೆರಿಗೆ ಇದೆಯೋ, ಇವೆಲ್ಲ ಒಂದಕ್ಕೊಂದು ಕೊಂಡಿ. ಒಂದು ಹಿಂದುಮುಂದಾದರೆ ಕೆಳಗಿನದೆಲ್ಲ ಏರುಪೇರು. 'ಕುಟುಂಬ' ಅನ್ನುವುದೂ ಎಲ್ಲ ನಿಯಮಕ್ಕೂ ಒಂದೇ ಅಲ್ಲ. ತೆರಿಗೆಗೆ ಒಬ್ಬೊಬ್ಬರೇ ಲೆಕ್ಕಕ್ಕೆ ಬರಬಹುದು, ಮಕ್ಕಳ ಭತ್ಯೆಗೆ ತಂದೆ ತಾಯಿ ಮತ್ತು ಮಕ್ಕಳು, ಬಾಡಿಗೆ ಸಹಾಯಕ್ಕೆ ಮನೆಯಲ್ಲಿರುವ ಎಲ್ಲರೂ. ಅಜ್ಜಿಯ ಪಿಂಚಣಿಯನ್ನು ಮೊಮ್ಮಗನ ಭತ್ಯೆಗೆ ಲೆಕ್ಕ ಹಿಡಿಯಬೇಕೇ ಅನ್ನುವ ಪ್ರಶ್ನೆ ಕೋಡ್ ಬರೆಯುವಾಗ ಎದುರಾಗೇ ಆಗುತ್ತದೆ.

ದರ, ಮಿತಿ, ಮೊತ್ತ ಇವನ್ನು ಸೂತ್ರದ ಒಳಗೆ ಬರೆಯಬೇಡಿ. ಬೇರೆ ಫೈಲಿನಲ್ಲಿ, ಜಾರಿಯ ದಿನಾಂಕದ ಜೊತೆ ಇಡಿ. ಮುಂದಿನ ವರ್ಷ ಮೊತ್ತ ಬದಲಾದಾಗ ಆ ಫೈಲ್ ತಿದ್ದಿದರೆ ಸಾಕು. ಆ ಕಾಲ್ಪನಿಕ ಕುಟುಂಬಗಳಿವೆಯಲ್ಲ, ಅವುಗಳನ್ನು ಇಲ್ಲಿ ಮತ್ತೆ ಬಳಸಿ. ಕೈಯಲ್ಲಿ ಲೆಕ್ಕ ಹಾಕಿದ್ದಕ್ಕೂ ಮಾದರಿ ಹೇಳಿದ್ದಕ್ಕೂ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕು.

ಸುಧಾರಣೆ ಮುಟ್ಟುವ ಮುಂಚೆ ತಾಳೆ ನೋಡಿ

ಈ ಹೆಜ್ಜೆಯನ್ನು ಹಾರಿ ಹೋಗುವವರೇ ಜಾಸ್ತಿ. ಈಗಿನ ನಿಯಮದ ಲೆಕ್ಕ ಬಂದ ಮೇಲೆ ಸರ್ಕಾರದ ದಾಖಲೆಯ ಪಕ್ಕ ಇಟ್ಟು ನೋಡಿ. ತೆರಿಗೆ ಕಟ್ಟುವವರು ಎಷ್ಟು ಜನ, ಒಟ್ಟು ಎಷ್ಟು ಸಂಗ್ರಹ, ಪ್ರತಿ ಭತ್ಯೆಗೂ ಫಲಾನುಭವಿಗಳು ಎಷ್ಟು, ಖರ್ಚು ಎಷ್ಟು. ಜನರ ಸಂಖ್ಯೆ ಮತ್ತು ಮೊತ್ತ ಎರಡನ್ನೂ ನೋಡಬೇಕು. ಮೊತ್ತ ಸರಿಯಾಗಿದ್ದು ಜನ ಅರ್ಧಕ್ಕರ್ಧ ಕಡಿಮೆ ಇದ್ದರೆ ಎರಡು ತಪ್ಪುಗಳು ಸೇರಿ ಒಂದನ್ನೊಂದು ಮುಚ್ಚಿವೆ ಅಂತ ಅರ್ಥ.

ತಾಳೆಯಾಗದಿದ್ದಾಗ ಕಾರಣ ಹುಡುಕಿ. ಅರ್ಹತೆ ಇದ್ದೂ ಅರ್ಜಿ ಹಾಕದವರು ಎಲ್ಲ ಕಡೆ ಇದ್ದಾರೆ. ಮಾಹಿತಿ ಇಲ್ಲ, ಕಾಗದಪತ್ರ ಇಲ್ಲ, ನಾಚಿಕೆ, ಸಿಗುವುದು ಅಲೆದಾಟಕ್ಕೆ ಸಾಲದಷ್ಟು ಸಣ್ಣ ಮೊತ್ತ, ಕಾರಣ ಬೇಕಾದಷ್ಟಿವೆ. ನಿಮ್ಮ ಮಾದರಿ ಮಾತ್ರ ಅರ್ಹರೆಲ್ಲರಿಗೂ ಹಂಚಿಬಿಡುತ್ತದೆ, ಹಾಗಾಗಿ ಖರ್ಚು ಹೆಚ್ಚಾಗಿ, ಬಡತನ ಕಡಿಮೆಯಾಗಿ ಕಾಣುತ್ತದೆ. ತೆರಿಗೆಯ ಕಡೆ ಇದರ ಜೋಡಿ ತಪ್ಪಿಸಿಕೊಳ್ಳುವವರು. ಲೆಕ್ಕಪತ್ರವಿಲ್ಲದ ದುಡಿಮೆಯವರಿಗೂ ಕಾನೂನು ಹೇಳಿದಷ್ಟು ತೆರಿಗೆ ಹಾಕಿದರೆ ಸಂಗ್ರಹ ಆಕಾಶಕ್ಕೇರುತ್ತದೆ.

ಅರ್ಹರಲ್ಲಿ ಶೇಕಡಾ ಇಷ್ಟು ಜನ ಮಾತ್ರ ಪಡೆಯುತ್ತಾರೆ ಅಂತ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಆರಿಸುವುದು ರೂಢಿ. ಹಾಗೆ ಮಾಡುವಾಗ ಒಂದು ಎಚ್ಚರಿಕೆ: ಪ್ರತಿ ಕುಟುಂಬಕ್ಕೂ ಬಂದ ಯಾದೃಚ್ಛಿಕ ಸಂಖ್ಯೆಯನ್ನು ಡೇಟಾದಲ್ಲೇ ಉಳಿಸಿ, ಎರಡೂ ಲೆಕ್ಕಕ್ಕೆ ಅದನ್ನೇ ಬಳಸಿ. ಇಲ್ಲದಿದ್ದರೆ ಮೊದಲ ಲೆಕ್ಕದಲ್ಲಿ ಭತ್ಯೆ ಪಡೆದ ಮನೆ ಎರಡನೆಯದರಲ್ಲಿ ಸುಮ್ಮನೆ ಕಳೆದುಕೊಳ್ಳುತ್ತದೆ, ನೀವು ಅದನ್ನು ಸುಧಾರಣೆಯಿಂದ ಆದ ನಷ್ಟ ಅಂತ ವರದಿ ಬರೆಯುತ್ತೀರಿ.

ಹಾಗಂತ ಎಲ್ಲ ಅಂಕಿಯೂ ಕೂಡಿಬರುವವರೆಗೆ ತೂಕ ತಿರುಚುತ್ತಾ ಕೂರುವುದೂ ಬೇಡ. ಎಲ್ಲಿ ಎಷ್ಟು ವ್ಯತ್ಯಾಸ ಉಳಿದಿದೆ ಅಂತ ಒಂದು ಪಟ್ಟಿ ಮಾಡಿ, ಫಲಿತಾಂಶದ ಜೊತೆಗೇ ಕೊಡಿ. ಅಂಥ ಪಟ್ಟಿ ಇಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

ಹೊಸ ನಿಯಮ ಹಾಕಿ ನೋಡಿ

ಈಗ ಸುಧಾರಣೆ. ಮೂರು ಬದಲಾವಣೆ ಇದ್ದರೆ ಮೊದಲು ಒಂದೊಂದನ್ನೇ ಹಾಕಿ, ಆಮೇಲೆ ಮೂರನ್ನೂ ಒಟ್ಟಿಗೆ ಹಾಕಿ. ಬಿಡಿಬಿಡಿ ಖರ್ಚಿನ ಮೊತ್ತಕ್ಕೂ ಒಟ್ಟಿಗೆ ಹಾಕಿದಾಗಿನ ಖರ್ಚಿಗೂ ಸಾಮಾನ್ಯವಾಗಿ ವ್ಯತ್ಯಾಸ ಬರುತ್ತದೆ, ಯಾಕಂದರೆ ಪಿಂಚಣಿ ಏರಿದರೆ ಅದೇ ಮನೆಯ ಬಾಡಿಗೆ ಸಹಾಯ ಇಳಿಯಬಹುದು.

ಈ ಹೆಣೆದುಕೊಳ್ಳುವಿಕೆ ಎಷ್ಟು ಕೆಟ್ಟದಾಗಬಹುದು ನೋಡಿ. ತಿಂಗಳಿಗೆ 10,000 ದುಡಿಯುವ ತಾಯಿಯೊಬ್ಬಳು ಇನ್ನಷ್ಟು ಗಂಟೆ ಕೆಲಸ ಮಾಡಿ 1,000 ಹೆಚ್ಚು ಗಳಿಸುತ್ತಾಳೆ. ಆದಾಯ ತೆರಿಗೆ 20%, ಅಲ್ಲಿಗೆ 200 ಹೋಯಿತು. ಸಾಮಾಜಿಕ ವಿಮೆಗೆ 10%, ಇನ್ನೊಂದು 100. ಆದಾಯ ಏರಿದಂತೆ ಮಕ್ಕಳ ಭತ್ಯೆ 40% ಲೆಕ್ಕದಲ್ಲಿ ಕಡಿತ, 400 ಹೋಯಿತು. ಬಾಡಿಗೆ ಸಹಾಯ 20% ಕಡಿತ, 200. ಕೈಯಲ್ಲಿ ಉಳಿದದ್ದು 100. ಸಾವಿರಕ್ಕೆ ನೂರು! ಹೆಚ್ಚುವರಿ ಗಳಿಕೆಯ 90% ಹೋದ ಹಾಗೆ. ಈಗ ಕೋಟಿ ದುಡಿಯುವವರಿಗೂ ಯಾರೂ ಅಂಥ ದರ ಹಾಕುವ ಧೈರ್ಯ ಮಾಡುವುದಿಲ್ಲ, ಅಲ್ವಾ? ನಾಲ್ಕು ಇಲಾಖೆಗಳು ತಮ್ಮ ತಮ್ಮ ನಿಯಮವನ್ನು ನ್ಯಾಯವಾಗಿಯೇ ಮಾಡಿರುತ್ತವೆ, ನಾಲ್ಕೂ ಒಬ್ಬಳ ಮೇಲೆ ಬಿದ್ದಾಗ ಏನಾಗುತ್ತದೆ ಅಂತ ನೋಡುವ ಕೆಲಸ ಯಾರದ್ದೂ ಅಲ್ಲ. ಆ ಕೆಲಸ ಮಾಡಿಕೊಡುವುದೇ ಮೈಕ್ರೋಸಿಮ್ಯುಲೇಶನ್ನಿನ ದೊಡ್ಡ ಉಪಯೋಗ ಅಂತ ನನ್ನ ಅಭಿಪ್ರಾಯ. ಖರ್ಚಿನ ಅಂದಾಜನ್ನು ಬೇರೆ ದಾರಿಯಲ್ಲೂ ಪಡೆಯಬಹುದು, ಇದನ್ನು ಪಡೆಯಲಾಗದು.

ಮಾದರಿಯಲ್ಲಿ ಇದನ್ನು ಲೆಕ್ಕ ಹಾಕುವುದು ಸುಲಭ. ದುಡಿಯುವ ಪ್ರತಿಯೊಬ್ಬರ ಗಳಿಕೆಗೂ ಸ್ವಲ್ಪ, ಉದಾಹರಣೆಗೆ 3%, ಸೇರಿಸಿ ಮತ್ತೆ ಓಡಿಸಿ. ಇಡೀ ಮನೆಯ ಕೈಗೆ ಸಿಗುವ ಆದಾಯ ಎಷ್ಟು ಏರಿತು ನೋಡಿ, ಸೇರಿಸಿದ ಗಳಿಕೆಯಲ್ಲಿ ಕೈಗೆ ಬಾರದೆ ಹೋದ ಪಾಲೇ ಆ ದರ. ಒಂದೇ ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರೆ ಒಬ್ಬೊಬ್ಬರಿಗೇ ಸೇರಿಸಬೇಕು. ದರ 100% ದಾಟಿದವರು ಕಂಡರೆ ಅಲ್ಲೊಂದು ಪ್ರಪಾತ ಇದೆ: ಮಿತಿ ದಾಟಿದ ಕೂಡಲೇ ಭತ್ಯೆ ಪೂರ್ತಿ ನಿಲ್ಲುವ ನಿಯಮ ಎಲ್ಲೋ ಕೂತಿರುತ್ತದೆ.

ಫಲಿತಾಂಶ ಓದುವುದು

ಗೆದ್ದವರು ಸೋತವರ ಪಟ್ಟಿ ಮೊದಲು. ಕೈಗೆ ಬರುವ ಆದಾಯದ ಮೇಲೆ ಜನರನ್ನು ಹತ್ತು ಸಮ ಗುಂಪು ಮಾಡಿ ಪ್ರತಿ ಗುಂಪಿಗೆ ಸರಾಸರಿ ಎಷ್ಟು ಬದಲಾವಣೆ ಅಂತ ತೋರಿಸುವುದು ಎಲ್ಲರೂ ಮಾಡುವುದೇ. ಆದರೆ ಮನೆಯ ಗಾತ್ರ ಲೆಕ್ಕಕ್ಕೆ ತಗೊಳ್ಳಬೇಕು. ಹೆಚ್ಚು ಬಳಕೆಯಲ್ಲಿರುವ ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಆರ್ಥಿಕ ಸಹಕಾರ ಸಂಸ್ಥೆ) ಮಾರ್ಪಡಿಸಿದ ಅಳತೆಯಲ್ಲಿ ಮೊದಲ ವಯಸ್ಕರಿಗೆ 1, 14 ವರ್ಷ ಮತ್ತು ಮೇಲಿನ ಪ್ರತಿ ಇನ್ನೊಬ್ಬರಿಗೆ 0.5, ಅದಕ್ಕಿಂತ ಸಣ್ಣ ಮಗುವಿಗೆ 0.3. ದಂಪತಿ ಮತ್ತು ಇಬ್ಬರು ಸಣ್ಣ ಮಕ್ಕಳಿಗೆ 2.1 ಆಯಿತು. ಅವರ 21,000 ಒಂಟಿ ವ್ಯಕ್ತಿಯ 10,000ಕ್ಕೆ ಸಮ. ಗುಂಪುಗಳನ್ನು ಸುಧಾರಣೆಗೆ ಮುಂಚಿನ ಆದಾಯದ ಮೇಲೆ ಮಾಡಿ, ಆಮೇಲೆ ಕದಲಿಸಬೇಡಿ. ಸರಾಸರಿಯ ಒಳಗೆ ಸೋತವರು ಅಡಗಿರುತ್ತಾರೆ, ಆದ್ದರಿಂದ ಪ್ರತಿ ಗುಂಪಿನಲ್ಲೂ ಎಷ್ಟು ಮಂದಿ ಕಳೆದುಕೊಂಡರು ಅಂತಲೂ ಬರೆಯಿರಿ.

ಬಡತನದ ರೇಖೆಯಲ್ಲಿ ಒಂದು ಗುಂಡಿ ಇದೆ. ಯುರೋಪಿನಲ್ಲಿ ನಡುವಿನ ಆದಾಯದ (ಎಲ್ಲರನ್ನೂ ಆದಾಯದ ಕ್ರಮದಲ್ಲಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ಬರುವವರ ಆದಾಯ) 60% ಅನ್ನು ರೇಖೆಯಾಗಿ ಹಿಡಿಯುತ್ತಾರೆ. ಐದು ಜನರ ಆದಾಯ 50, 62, 100, 110, 200 ಅನ್ನಿ. ನಡುವಿನದು 100, ರೇಖೆ 60, ಬಡವ ಒಬ್ಬ. ಪಿಂಚಣಿ ಏರಿಸಿದ್ದರಿಂದ ಮೂರನೆಯವರಿಗೆ 8 ಸಿಕ್ಕಿತು, ಉಳಿದವರದ್ದು ಇದ್ದ ಹಾಗೆ. ಈಗ ನಡುವಿನದು 108, ರೇಖೆ 64.8. 62 ಇದ್ದವರೂ ಬಡವರಾದರು! ಯಾರೂ ಒಂದು ಕಾಸು ಕಳೆದುಕೊಂಡಿಲ್ಲ, ಬಡತನ ಮಾತ್ರ ಇಮ್ಮಡಿ. ಇದು ತಪ್ಪು ಲೆಕ್ಕ ಅಲ್ಲ, ಅಂತರ ಹೆಚ್ಚಿದ್ದನ್ನು ಅದು ಹೇಳುತ್ತಿದೆ. ಆದರೆ ಓದುವವರು ಗಾಬರಿಯಾಗುತ್ತಾರೆ. ಹಳೆಯ ರೇಖೆಯನ್ನೇ ಇಟ್ಟು ಒಂದು ಅಂಕಿ, ಹೊಸ ರೇಖೆಯಲ್ಲಿ ಇನ್ನೊಂದು, ಎರಡನ್ನೂ ಕೊಡಿ.

ಬಡವರ ತಲೆ ಎಣಿಕೆಯ ಜೊತೆಗೆ ರೇಖೆಗಿಂತ ಎಷ್ಟು ಕೆಳಗಿದ್ದಾರೆ ಅನ್ನುವುದೂ ಬೇಕು. ಬರೀ ತಲೆ ಎಣಿಸಿದರೆ ರೇಖೆಗಿಂತ ಸ್ವಲ್ಪವೇ ಕೆಳಗೆ ನಿಂತವರಿಗೆ ಚೂರು ಕೊಟ್ಟು ದಾಟಿಸುವ ಯೋಜನೆ ಜಾಣತನವಾಗಿ ಕಾಣುತ್ತದೆ, ತೀರಾ ಕೆಳಗಿನವರಿಗೆ ಕೊಟ್ಟದ್ದು ವ್ಯರ್ಥವಾದ ಹಾಗೆ ಕಾಣುತ್ತದೆ.

ನಡವಳಿಕೆ ಸೇರಿಸಬೇಕೇ?

ಜನ ಕಲ್ಲುಗಳಲ್ಲ, ತೆರಿಗೆ ಬದಲಾದರೆ ಕೆಲಸದ ಗಂಟೆಯೂ ಬದಲಾಗಬಹುದು. ಕೆಲಸವಿಲ್ಲ, ಅರೆಕಾಲಿಕ, ಪೂರ್ಣಕಾಲಿಕ ಹೀಗೆ ಕೆಲವೇ ಆಯ್ಕೆ ಕೊಟ್ಟು, ಪ್ರತಿಯೊಂದಕ್ಕೂ ಕೈಗೆ ಬರುವ ಆದಾಯವನ್ನು ಮಾದರಿಯಿಂದ ಲೆಕ್ಕ ಹಾಕಿ, ಜನ ಯಾವುದನ್ನು ಆರಿಸಬಹುದು ಅಂತ ಅಂದಾಜು ಮಾಡುವುದು ಸಾಮಾನ್ಯ ವಿಧಾನ. ಮಾಡಿ, ಆದರೆ ಸ್ಥಿರ ಲೆಕ್ಕದ ಜೊತೆ ಬೆರೆಸಬೇಡಿ. ಮೊದಲನೆಯದು ನಿಯಮ ಮತ್ತು ಡೇಟಾದಿಂದ ಬಂದದ್ದು. ಎರಡನೆಯದರಲ್ಲಿ ನಿಮ್ಮ ಊಹೆ ಸೇರಿದೆ. ಪ್ರತಿಕ್ರಿಯೆ ಕಡಿಮೆ, ಮಧ್ಯಮ, ಜಾಸ್ತಿ ಅಂತ ಮೂರು ಬಗೆಯಲ್ಲಿ ತೋರಿಸಿದರೆ ಓದುವವರಿಗೇ ಗೊತ್ತಾಗುತ್ತದೆ ಎಷ್ಟು ನಂಬಬೇಕು ಅಂತ.

ವರದಿ ಬರೆಯುವಾಗ

ಕೊನೆಯ ಅಂಕಿಯವರೆಗೂ ಬರೆದು ನಿಖರತೆಯ ಭ್ರಮೆ ಹುಟ್ಟಿಸಬೇಡಿ, ದುಂಡಗೆ ಮಾಡಿ. ಸಣ್ಣ ಗುಂಪುಗಳ ಬಗ್ಗೆ ಮಾತಾಡುವ ಮೊದಲು ಸಮೀಕ್ಷೆಯಲ್ಲಿ ಅಂಥ ಮನೆ ಎಷ್ಟಿವೆ ಅಂತ ತೂಕ ಹಾಕದೆ ಎಣಿಸಿ. ಅಂಗವೈಕಲ್ಯ ಇರುವ ಮಗುವನ್ನು ಒಬ್ಬರೇ ಸಾಕುತ್ತಿರುವ ಮನೆ 15 ಸಿಕ್ಕವು, ಒಂದೊಂದರ ತೂಕ 800 ಅಂದರೆ, ಒಂದೇ ಮನೆಯ ಆದಾಯ ತಪ್ಪಾಗಿ ದಾಖಲಾದರೂ 800 ಮನೆಗಳ ಹಣೆಬರಹ ಬದಲಾಗುತ್ತದೆ. ಅಂಥ ಕಡೆ ಅಂಕಿ ಕೊಡದೆ ದಿಕ್ಕು ಮಾತ್ರ ಹೇಳಿ. ಕೋಡ್, ದರಗಳ ಫೈಲ್, ಊಹೆಗಳ ಪಟ್ಟಿ ಇವನ್ನು ಆದಷ್ಟು ಬಹಿರಂಗಪಡಿಸಿ, ಬೇರೆಯವರು ಓಡಿಸಿ ನೋಡಲಿ.

ಇನ್ನೊಂದು ಸಾಲನ್ನು ಬಡತನದ ಅಂಕಿಯ ಪಕ್ಕದಲ್ಲೇ ಬರೆಯಬೇಕು, ಅಡಿಟಿಪ್ಪಣಿಗೆ ತಳ್ಳಬಾರದು. ಮನೆಮನೆ ಸಮೀಕ್ಷೆಗೆ ಮನೆ ಇಲ್ಲದವರು ಸಿಗುವುದಿಲ್ಲ. ವೃದ್ಧಾಶ್ರಮ, ಆಸ್ಪತ್ರೆ, ಜೈಲುಗಳಲ್ಲಿ ಇರುವವರೂ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಭತ್ಯೆ ಬದಲಾದರೆ ಇವರಿಗೆ ಏನಾಗುತ್ತದೆ ಅಂತ ಕೇಳಿದರೆ ಮಾದರಿಯಲ್ಲಿ ಉತ್ತರ ಇಲ್ಲ, ಅವರ ಲೆಕ್ಕವನ್ನು ಬೇರೆಯಾಗಿಯೇ ಹುಡುಕಬೇಕು.